ದೀಪ ಹಚ್ಚುವ ಹೊತ್ತಿನ ಜಪಸರ

ಮುಂಡರಗಿ ತಾಲ್ಲೂಕಿನ ಹಿರೇವಡ್ಡಟ್ಟಿಯಂತಹ ಊರುಗಳಲ್ಲಿ ದೀಪ ಹಚ್ಚುವ ಹೊತ್ತಿಗೆ ತನ್ನದೇ ಆದ ಗೌರವವಿದೆ. ಹೊಲದಿಂದ ಮರಳಿದವರು ಕೈಕಾಲು ಮುಖ ತೊಳೆದು ತಮ್ಮ ತಮ್ಮ ದೇವರ ಮುಂದೆ ನಿಲ್ಲುವ ಹೊತ್ತದು. ಲಿಂಗಾಯತರ ಮನೆಗಳಲ್ಲಿ ವಿಭೂತಿ ಧರಿಸಿ ಇಷ್ಟಲಿಂಗ ಪೂಜೆಗೆ ಕುಳಿತುಕೊಳ್ಳುತ್ತಾರೆ; ಮಸೀದಿಯಿಂದ ಬಾಂಗ್ ಕೇಳಿಬರುತ್ತದೆ. ಇಂತಹ ನೆರೆಹೊರೆಯ ನಡುವೆ ಬಾಳುವ ಕಥೋಲಿಕ ಕುಟುಂಬವು ಅದೇ ಹೊತ್ತಿನಲ್ಲಿ ಏನು ಮಾಡುತ್ತಿದೆ ಎಂಬುದು ನಾವು ನಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ.

ದೇವಾಲಯದ ಗಂಟೆ ಕಿವಿಗೆ ಬೀಳುವಷ್ಟು ಸಮೀಪದಲ್ಲಿ ವಾಸಿಸುವವರಿಗೆ ಇದರ ತೀವ್ರತೆ ಅಷ್ಟಾಗಿ ತಿಳಿಯಲಿಕ್ಕಿಲ್ಲ. 1953ರಲ್ಲಿ ಸ್ಥಾಪನೆಯಾದ ಬೆಳಗಾವಿ ಧರ್ಮಪ್ರಾಂತಕ್ಕೆ ಗದಗ ಜಿಲ್ಲೆಯೂ ಸೇರಿದೆ. ಈ ವಿಶಾಲ ಪ್ರದೇಶದಲ್ಲಿ ವಿಶ್ವಾಸಿಗಳು ಅಲ್ಲೊಂದು ಇಲ್ಲೊಂದು ಮನೆಯಾಗಿ ಚದುರಿದ್ದಾರೆ. ಮುಂಡರಗಿಯಿಂದ ಗದಗಿಗೇ ಸುಮಾರು 40 ಕಿಲೋಮೀಟರು. ಬಿತ್ತನೆಯ ದಿನಗಳಲ್ಲಿ ಭಾನುವಾರದ ಬಲಿಪೂಜೆಯೂ ಕೈತಪ್ಪುವುದುಂಟು. ಅಂತಹ ಕಡೆ ಮಗುವಿನ ಕೈಹಿಡಿದು ಶಿಲುಬೆಯ ಗುರುತು ಹಾಕಲು ಕಲಿಸುವ ಮೊದಲ ಉಪದೇಶಿ ಅದರ ಅಜ್ಜಿಯೇ.

ಇದು ಅನಿವಾರ್ಯಕ್ಕೆ ಹುಟ್ಟಿದ ಏರ್ಪಾಡೆಂದು ಯಾರೂ ಭಾವಿಸಬೇಕಾಗಿಲ್ಲ. ಆದಿ ಕ್ರೈಸ್ತರಿಗೆ ದೇವಾಲಯಗಳಿರಲಿಲ್ಲ. ಅಕ್ವಿಲ ಮತ್ತು ಪ್ರಿಸ್ಕಿಲ್ಲ ದಂಪತಿಗಳ ಮನೆಯಲ್ಲಿ ಸೇರುತ್ತಿದ್ದ ಸಭೆಯನ್ನು ಸಂತ ಪೌಲರು ತಮ್ಮ ಪತ್ರಗಳಲ್ಲಿ ಸ್ಮರಿಸಿದ್ದಾರೆ. ಕುಟುಂಬವನ್ನು ಗೃಹ ಧರ್ಮಸಭೆಯೆಂದು ಕರೆದು, ತಂದೆತಾಯಿಗಳೇ ಮಕ್ಕಳಿಗೆ ವಿಶ್ವಾಸದ ಪ್ರಥಮ ಬೋಧಕರೆಂದು 1964ರಲ್ಲಿ ಸಾರಿದುದು ಎರಡನೆಯ ವ್ಯಾಟಿಕನ್ ಮಹಾಸಭೆ. ಅಕ್ಟೋಬರ್ ತಿಂಗಳನ್ನು ಜಪಸರಕ್ಕೆ ಮೀಸಲಿಡುವಂತೆ ಪೋಪ್ 13ನೆಯ ಲಿಯೋ 1883ರಲ್ಲಿ ಕರೆ ಕೊಟ್ಟರು; 2002ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಬೆಳಕಿನ ಐದು ರಹಸ್ಯಗಳನ್ನು ಸೇರಿಸಿದಾಗಲೂ ಕುಟುಂಬಗಳು ಕೂಡಿ ಜಪಿಸಬೇಕೆಂದೇ ಒತ್ತಿ ಹೇಳಿದರು.

2020ರ ಏಪ್ರಿಲ್ 12ರ ಪಾಸ್ಖ ಹಬ್ಬವನ್ನು ಯಾರು ಮರೆತಾರು? ಕೊರೋನಾ ಕಾರಣದಿಂದ ದೇವಾಲಯಗಳು ಮುಚ್ಚಿದ್ದವು. ಅಂದು ಹಲವರು ಮೊಬೈಲಿನಲ್ಲಿ ಬಲಿಪೂಜೆಯನ್ನು 'ನೋಡಿದರು'. ದಿನವೂ ಕೂಡಿ ಪ್ರಾರ್ಥಿಸುವ ರೂಢಿಯಿದ್ದ ಮನೆಗಳಲ್ಲಿ ಶುಭಸಂದೇಶವನ್ನು ಓದುವವರಿದ್ದರು, ಉತ್ತರ ಹೇಳುವವರಿದ್ದರು, ಹಾಡುವವರೂ ಇದ್ದರು. ಉಳಿದ ಮನೆಗಳವರು ಪ್ರೇಕ್ಷಕರಾಗಿ ಕುಳಿತರು. ಈ ಮಾತು ಕೆಲವರಿಗೆ ಕಟುವೆನಿಸಬಹುದು. ಆದರೂ ಹೇಳದೆ ವಿಧಿಯಿಲ್ಲ.

ಕುಟುಂಬ ಪ್ರಾರ್ಥನೆಗೆ ಅಡ್ಡಿಯೇನೆಂದು ಕೇಳಿದರೆ ಎಲ್ಲರೂ ಟಿ.ವಿ. ಧಾರಾವಾಹಿಯತ್ತ ಬೆರಳು ತೋರುತ್ತಾರೆ. ಪ್ರಾರ್ಥನೆ ದೀರ್ಘವಾಯಿತು, ಮಕ್ಕಳು ತೂಕಡಿಸುತ್ತಾರೆ ಎಂಬ ದೂರೂ ಉಂಟು. ಅದಕ್ಕೆ ಪರಿಹಾರ ಸುಲಭ: ಐದು ರಹಸ್ಯಗಳಿಗೆ ಪುರುಸೊತ್ತಿಲ್ಲದ ದಿನ ಒಂದನ್ನೇ ಜಪಿಸಲಿ, ಅದನ್ನು ಮಗುವೇ ನಡೆಸಲಿ. ದುಡಿಯಲು ಗೋವೆಗೋ ಮಂಗಳೂರಿಗೋ ಹೋದ ತಂದೆ ಫೋನಿನಲ್ಲಿಯೇ ದನಿಗೂಡಿಸಲಿ. ನಿಜವಾದ ಅಡ್ಡಿ ಇನ್ನೂ ಆಳದಲ್ಲಿದೆ. ದೇವಾಲಯದಲ್ಲಿ ನಮ್ಮ ಪಕ್ಕದಲ್ಲಿ ಮೊಣಕಾಲೂರಿದವನೊಡನೆ ನಮಗೆ ಜಗಳವಿರುವುದು ಅಪರೂಪ. ಮನೆಯಲ್ಲಿ ಹಾಗಲ್ಲ. ಮಧ್ಯಾಹ್ನ ಯಾರ ಮೇಲೆ ಕೂಗಾಡಿದೆವೋ ಆಕೆಯ ಜೊತೆಯಲ್ಲಿಯೇ ಸಂಜೆ ಪರಲೋಕ ಮಂತ್ರವನ್ನು ಹೇಳಬೇಕು.

ನಾನು ಬಾಲಕನಾಗಿದ್ದಾಗ ಹೊಲದ ಬದುವಿನ ವಿಷಯವಾಗಿ ನಮ್ಮ ಅಪ್ಪನಿಗೂ ಕಾಕಾನಿಗೂ ಮಾತು ನಿಂತಿತ್ತು. ಊಟ ಬೇರೆ ಬೇರೆ ಹೊತ್ತಿಗೆ; ಜಪಸರಕ್ಕೆ ಮಾತ್ರ, ಅಜ್ಜಿಯ ಅಂಜಿಕೆಯಿಂದ, ಒಂದೇ ಚಾಪೆ. ಒಂದು ಸಂಜೆ ಪರಲೋಕ ಮಂತ್ರವನ್ನು ಹೇಳಿಸುತ್ತಿದ್ದ ಅಜ್ಜಿ, ತಪ್ಪುಗಳನ್ನು ಕ್ಷಮಿಸುವ ಸಾಲು ಬರುತ್ತಲೇ ನಿಲ್ಲಿಸಿಬಿಟ್ಟರು. "ಮುಂದಿಂದು ನೀವಿಬ್ಬರೂ ಹೇಳ್ರಪಾ, ನನಗ ಬಾಯಿಗೆ ಬರವೊಲ್ದು" ಎಂದರು. ಇಬ್ಬರೂ ಬಾಯಿ ತೆರೆಯಲಿಲ್ಲ. ಮಕ್ಕಳಾದ ನಾವು ಮುಖ ಮುಖ ನೋಡಿಕೊಂಡೆವು. ಅಂದಿನ ಪ್ರಾರ್ಥನೆ ಅಲ್ಲಿಗೇ ಮುಗಿಯಿತು.

ಮರುದಿನವೂ ಅಜ್ಜಿ ಅದೇ ಸಾಲಿನಲ್ಲಿ ನಿಂತರು. ಮೂರನೆಯ ದಿನ ಕಾಕಾ ಬರಲೇ ಇಲ್ಲ. ಅಪ್ಪ ಹೊರಗಿನ ಕಟ್ಟೆಯವರೆಗೆ ಹೋಗಿ, ಏನೂ ಹೇಳಲಾರದೆ ಹಿಂದಿರುಗಿದ್ದನ್ನು ನಾನು ಬಾಗಿಲ ಸಂದಿಯಿಂದ ಕಂಡಿದ್ದೇನೆ. ಹೀಗೆಯೇ ವಾರ ಕಳೆಯಿತು. ಎಂಟನೆಯ ದಿನ ನಾವು ಒಳಗೆ ಬರುವಷ್ಟರಲ್ಲಿ ಕಾಕಾ ಚಾಪೆ ಹಾಸಿ ದೀಪದ ಬತ್ತಿಯನ್ನು ಸರಿಪಡಿಸುತ್ತಿದ್ದರು. ಆ ಸಾಲು ಬಂದಾಗ ಅಜ್ಜಿ ಸುಮ್ಮನಾದರು. ಅಪ್ಪ ತಗ್ಗಿದ ದನಿಯಲ್ಲಿ ಆರಂಭಿಸಿದರು. ಅರ್ಧಕ್ಕೆ ಕಾಕಾನ ದನಿಯೂ ಕೂಡಿತು. ಬದುವಿನ ಮಾತನ್ನು ಅಂದು ಯಾರೂ ಎತ್ತಲಿಲ್ಲ. ಮಾರನೆಯ ಬೆಳಿಗ್ಗೆ ಅಳತೆಯ ಹಗ್ಗ ಹಿಡಿದು ಅಣ್ಣತಮ್ಮಂದಿರಿಬ್ಬರೂ ಕೂಡಿಯೇ ಹೊಲಕ್ಕೆ ಹೊರಟರು.