ಗ್ರೀಸ್‌ಗೆ ಹೊರಡುವ ಶಾಸನಾಸಕ್ತರಿಗೆ: ಎಂಟು ದಿನ, ಐದು ಕಲ್ಲು

ಗ್ರೀಸ್ ಪ್ರವಾಸದ ಬಗ್ಗೆ ಮಾಹಿತಿಗೇನೂ ಬರವಿಲ್ಲ. ಯಾವ ದ್ವೀಪದಲ್ಲಿ ಸೂರ್ಯಾಸ್ತ ಚೆನ್ನ, ಯಾವ ಹೋಟೆಲಿನ ಮಹಡಿಯಿಂದ ಪಾರ್ಥೆನಾನ್ ಕಾಣುತ್ತೆ ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಮ್ಮಂಥವರ ಪ್ರಶ್ನೆ ಬೇರೆ. ಹಲ್ಮಿಡಿ, ಬಾದಾಮಿ, ಮಸ್ಕಿ ಅಂತ ಅಲೆದವರು ಅಲ್ಲಿಗೂ ಹೋದರೆ ಕಲ್ಲಿನ ಮೇಲಿನ ಅಕ್ಷರವನ್ನೇ ಹುಡುಕುತ್ತೇವೆ. ಸಿಗುವುದು ಏಳೆಂಟು ದಿನ, ಖರ್ಚು ಲಕ್ಷಗಳ ಲೆಕ್ಕದಲ್ಲಿ, ಮತ್ತೊಮ್ಮೆ ಹೋಗುವ ಭರವಸೆ ಇಲ್ಲ. ಅಷ್ಟರಲ್ಲಿ ಏನನ್ನು, ಯಾವ ಹೊತ್ತಿನಲ್ಲಿ, ಎಷ್ಟು ತಯಾರಿಯೊಂದಿಗೆ ನೋಡಬೇಕು ಎಂಬುದೇ ಈ ಬರಹದ ವಿಷಯ.

ನನ್ನ ಸಲಹೆ ಚಿಕ್ಕದು. ನೋಡುವ ಕಲ್ಲುಗಳು ಕಡಿಮೆ ಇರಲಿ, ಅವುಗಳ ಪಾಠವನ್ನು ಮನೆಯಲ್ಲೇ ಓದಿಕೊಂಡು ಹೋಗಿ, ದಿನದ ವೇಳೆಯನ್ನು ಬೆಳಕು ನೋಡಿ ಹಾಕಿಕೊಳ್ಳಿ. ಓದದೆ ಹೋದರೆ ಹದಿಮೂರು ಸಾವಿರ ಶಾಸನ ಇರುವ ಮ್ಯೂಸಿಯಂ ಕೂಡ ಬರೀ ಕಲ್ಲಿನ ಗೋದಾಮಿನ ಹಾಗೆ ಕಾಣುತ್ತೆ.

ಯಾವ ತಿಂಗಳು?

ಏಪ್ರಿಲ್‌ನಿಂದ ಮೇ ನಡುಭಾಗದವರೆಗೆ, ಇಲ್ಲವೇ ಅಕ್ಟೋಬರ್. ನಾನು ಆರಿಸಿಕೊಂಡಿದ್ದು ಅಕ್ಟೋಬರ್. ಜುಲೈ, ಆಗಸ್ಟ್‌ನಲ್ಲಿ ಅಥೆನ್ಸ್‌ನ ಬಿಸಿಲು 40 ಡಿಗ್ರಿ ಮುಟ್ಟುವುದುಂಟು. 2023ರ ಜುಲೈನಲ್ಲಿ ಬಿಸಿಗಾಳಿಯ ಕಾರಣಕ್ಕೆ ಅಕ್ರೊಪೊಲಿಸನ್ನು ಮಧ್ಯಾಹ್ನದ ಹೊತ್ತು ಮುಚ್ಚಬೇಕಾಯಿತು.

ರಜೆಗಳನ್ನೂ ನೋಡಿಕೊಳ್ಳಿ. ಜನವರಿ 1, ಮಾರ್ಚ್ 25, ಮೇ 1, ಈಸ್ಟರ್ ಭಾನುವಾರ, ಡಿಸೆಂಬರ್ 25 ಮತ್ತು 26ರಂದು ಸರ್ಕಾರಿ ಸ್ಮಾರಕಗಳು, ಮ್ಯೂಸಿಯಂಗಳು ಮುಚ್ಚಿರುತ್ತವೆ. ಅಲ್ಲಿನ ಈಸ್ಟರ್ ಆರ್ಥೊಡಾಕ್ಸ್ ಪಂಚಾಂಗದ್ದು. ನಮ್ಮ ಕ್ಯಾಲೆಂಡರಿನಲ್ಲಿ ಅಚ್ಚಾಗಿರುವ ಈಸ್ಟರ್‌ಗೂ ಅದಕ್ಕೂ ಎಷ್ಟೋ ವರ್ಷ ಹೊಂದುವುದಿಲ್ಲ. ವಾರದ ರಜೆಯೂ ಒಂದೊಂದು ಮ್ಯೂಸಿಯಮ್ಮಿಗೆ ಒಂದೊಂದು ರೀತಿ. ಮಂಗಳವಾರ ಕೆಲವು ಮುಚ್ಚಿರುತ್ತವೆ, ಕೆಲವು ಮಧ್ಯಾಹ್ನದ ಮೇಲೆ ತೆರೆಯುತ್ತವೆ. ಹೊರಡುವ ವಾರ ಇನ್ನೊಮ್ಮೆ ಖಚಿತ ಮಾಡಿಕೊಳ್ಳಿ.

ಕಾಗದಪತ್ರ

ಗ್ರೀಸ್‌ಗೆ ಬೇಕಾಗುವುದು ಷೆಂಗೆನ್ ವೀಸಾ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಕೊನೆಯ ಗಡುವು 15 ದಿನ ಮೊದಲು. ಆ ಗಡುವನ್ನು ನಂಬಿಕೊಂಡು ಕೂರಬೇಡಿ. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ ಅಂದರೂ ಅದು 45 ದಿನದವರೆಗೆ ಎಳೆಯಬಹುದು, ಅದಕ್ಕೂ ಮೊದಲು ಅಪಾಯಿಂಟ್‌ಮೆಂಟ್ ಸಿಗಬೇಕು. ಮೂರು ತಿಂಗಳು ಇರುವಾಗಲೇ ಶುರುಮಾಡಿ. 2024ರ ಜೂನ್‌ನಿಂದ ವಯಸ್ಕರಿಗೆ ಶುಲ್ಕ 90 ಯೂರೊ. ಕನಿಷ್ಠ 30,000 ಯೂರೊ ರಕ್ಷಣೆಯ ಪ್ರಯಾಣ ವಿಮೆ ಕಡ್ಡಾಯ. ವಾಪಸಾಗುವ ದಿನದಿಂದ ಮುಂದಕ್ಕೆ ಮೂರು ತಿಂಗಳಾದರೂ ಪಾಸ್‌ಪೋರ್ಟ್ ಚಾಲ್ತಿಯಲ್ಲಿರಬೇಕು. ಗ್ರೀಸ್ ಜೊತೆ ಇಟಲಿಯನ್ನೂ ಸೇರಿಸಿಕೊಂಡರೆ, ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು.

ಮನೆಯಲ್ಲೇ ಮಾಡಬೇಕಾದ ಓದು

ನಮಗೆ ಎಪಿಗ್ರಾಫಿಯಾ ಕರ್ನಾಟಿಕಾ ಇದ್ದ ಹಾಗೆ ಅವರಿಗೆ 'ಇನ್‌ಸ್ಕ್ರಿಪ್ಷಿಯೋನೆಸ್ ಗ್ರೇಕಾಯ್', ಚಿಕ್ಕದಾಗಿ ಐಜಿ. ನಾವು ತಾಲ್ಲೂಕಿನ ಹೆಸರು, ಶಾಸನದ ಸಂಖ್ಯೆ ಹೇಳುವಂತೆ ಅವರು ಐಜಿ ಸಂಪುಟ, ಸಂಖ್ಯೆ ಹೇಳುತ್ತಾರೆ. ಪ್ಯಾಕರ್ಡ್ ಹ್ಯುಮ್ಯಾನಿಟೀಸ್ ಇನ್‌ಸ್ಟಿಟ್ಯೂಟ್‌ನ ತಾಣದಲ್ಲಿ ಮೂಲ ಪಾಠಗಳು ಸಿಗುತ್ತವೆ. 'ಆಟಿಕ್ ಇನ್‌ಸ್ಕ್ರಿಪ್ಷನ್ಸ್ ಆನ್‌ಲೈನ್' ತಾಣದಲ್ಲಿ ಅಥೆನ್ಸ್ ಸೀಮೆಯ ಶಾಸನಗಳ ಇಂಗ್ಲಿಷ್ ಅನುವಾದ ಇದೆ. ಎರಡೂ ಉಚಿತ. ನೋಡಬೇಕಾದ ಪ್ರತಿ ಕಲ್ಲಿನ ಪಾಠ, ಅನುವಾದ ಎರಡನ್ನೂ ಪ್ರಿಂಟ್ ತೆಗೆದುಕೊಂಡು ಹೋಗಿ.

ಗ್ರೀಕ್ ಲಿಪಿಗೆ ಒಂದು ವಾರ ಸಾಕು. ಆದರೆ ಪುಸ್ತಕದ ಗ್ರೀಕ್ ಅಕ್ಷರ ಕಲಿತು ಹೋದರೆ ಕ್ರಿ.ಪೂ. 5ನೇ ಶತಮಾನದ ಅಥೆನ್ಸ್ ಕಲ್ಲಿನ ಮುಂದೆ ತಡವರಿಸಬೇಕಾಗುತ್ತೆ. ಅಲ್ಲಿ 'ಲ'ಕಾರ ಇಂಗ್ಲಿಷಿನ ಎಲ್ ಹಾಗೆ, 'ಗ'ಕಾರ ಪುಸ್ತಕದ ಲ್ಯಾಂಬ್ಡಾ ಹಾಗೆ ಇರುತ್ತೆ. ಇಂಗ್ಲಿಷಿನ ಎಚ್ ಆಕಾರದ ಅಕ್ಷರ ದೀರ್ಘ 'ಏ' ಅಲ್ಲ, 'ಹ'ಕಾರ. ಹ್ರಸ್ವ 'ಎ', ದೀರ್ಘ 'ಏ' ಎರಡಕ್ಕೂ ಒಂದೇ ಅಕ್ಷರ. 'ಒ', 'ಓ'ಗೂ ಅಷ್ಟೇ. ಇದು ನಮಗೆ ಹೊಸದಲ್ಲ. ಹಳಗನ್ನಡ ಶಾಸನಗಳಲ್ಲೂ ಎ-ಏ, ಒ-ಓ ವ್ಯತ್ಯಾಸವನ್ನು ಬರಹದಲ್ಲಿ ತೋರಿಸದೆ ಬಿಟ್ಟಿರುವುದನ್ನು ನೋಡಿದ್ದೇವೆ. ಪದಗಳ ನಡುವೆ ಜಾಗ ಬಿಡದಿರುವುದೂ ನಮಗೆ ರೂಢಿಯೇ. ಕ್ರಿ.ಪೂ. 403ರ ಹೊತ್ತಿಗೆ ಅಥೆನ್ಸ್ ಅಧಿಕೃತವಾಗಿ ಅಯೋನಿಯನ್ ಲಿಪಿಗೆ ಬದಲಾಯಿತು. ಅಲ್ಲಿಂದ ಮುಂದಿನ ಕಲ್ಲುಗಳಲ್ಲಿ ಪುಸ್ತಕದ ಅಕ್ಷರಗಳೇ ಸಿಗುತ್ತವೆ.

ಅಥೆನ್ಸ್: ನಾಲ್ಕು ದಿನ, ಮೂರು ಕಲ್ಲು

ಎಪಿಗ್ರಾಫಿಕಲ್ ಮ್ಯೂಸಿಯಂ ಇರುವುದು ರಾಷ್ಟ್ರೀಯ ಪುರಾತತ್ವ ಮ್ಯೂಸಿಯಂ ಕಟ್ಟಡದ ದಕ್ಷಿಣ ಭಾಗದಲ್ಲಿ, ತೊಸಿತ್ಸಾ ಬೀದಿ ಕಡೆಗೆ. ಸ್ಥಾಪನೆಯಾಗಿದ್ದು 1885ರಲ್ಲಿ. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಮೊದಲ ಸಂಪುಟ, ಕೊಡಗಿನ ಶಾಸನಗಳು, ಬಂದಿದ್ದು ಅದರ ಮರುವರ್ಷ. ಪಕ್ಕದ ದೊಡ್ಡ ಮ್ಯೂಸಿಯಮ್ಮಿಗೆ ಬರುವ ಜನಜಂಗುಳಿಯಲ್ಲಿ ಇಲ್ಲಿಗೆ ಕಾಲಿಡುವವರು ಕಡಿಮೆ. ಒಂದಿಡೀ ಬೆಳಗನ್ನು ಇದಕ್ಕೇ ಇಡಿ.

ಮೊದಲ ಕಲ್ಲು, ಕಪ್ಪಕಾಣಿಕೆಯ ಪಟ್ಟಿ. ಡೀಲೋಸ್ ದ್ವೀಪದಲ್ಲಿದ್ದ ಮೈತ್ರಿಕೂಟದ ಖಜಾನೆ ಕ್ರಿ.ಪೂ. 454ರಲ್ಲಿ ಅಥೆನ್ಸ್‌ಗೆ ಬಂತು. ಮಿತ್ರ ನಗರಗಳು ಕೊಟ್ಟ ಕಪ್ಪದಲ್ಲಿ ಅರವತ್ತರ ಒಂದು ಪಾಲು ಅಥೀನಾ ದೇವಿಗೆ. ಆ ಪಾಲಿನ ಲೆಕ್ಕವನ್ನು ನಗರವಾರು, ವರ್ಷವಾರು ಕಂಡರಿಸಿದ್ದಾರೆ. ಕಂಬದ ಎತ್ತರ ಮೂರೂವರೆ ಮೀಟರ್ ದಾಟುತ್ತೆ, ನಾಲ್ಕು ಮುಖಕ್ಕೂ ಬರಹ. ನೂರಕ್ಕೂ ಹೆಚ್ಚು ತುಣುಕುಗಳನ್ನು ಜೋಡಿಸಿ ಎತ್ತಿ ನಿಲ್ಲಿಸಿದ್ದಾರೆ.

ಗ್ರೀಕ್ ಬಾರದವರೂ ಇದನ್ನು ಓದಬಹುದು, ಯಾಕಂದ್ರೆ ಇದು ಲೆಕ್ಕದ ಪುಸ್ತಕ. ಸಂಖ್ಯೆಗೆ ಆಯಾ ಪದದ ಮೊದಲಕ್ಷರವೇ ಗುರುತು. ತ್ರಿಕೋನದ ಡೆಲ್ಟಾ ಅಂದರೆ 'ದೇಕ', 10. ಎಚ್ ಆಕಾರ ಅಂದರೆ 'ಹೆಕತೋನ್', 100. ಎಕ್ಸ್ ಆಕಾರ 1000. ಈಗ ಒಂದು ಊರಿನ ಹೆಸರಿನ ಪಕ್ಕ ಒಂದೇ ಒಂದು ಎಚ್ ಇದೆ ಅನ್ನಿ. ದೇವಿಗೆ ಸಂದಿದ್ದು 100 ದ್ರಾಖ್ಮಾ. ಅದನ್ನು 60ರಿಂದ ಗುಣಿಸಿದರೆ 6000 ದ್ರಾಖ್ಮಾ, ಅಂದರೆ ಸರಿಯಾಗಿ ಒಂದು ಟ್ಯಾಲೆಂಟ್. ಆ ಊರಿನ ವರ್ಷದ ಕಪ್ಪ ಅಷ್ಟು. ಎರಡು ಎಚ್ ಇದ್ದರೆ ಎರಡು ಟ್ಯಾಲೆಂಟ್. ಕಲ್ಲಿನ ಮುಂದೆ ನಿಂತು ನಾಲ್ಕು ಊರುಗಳ ಲೆಕ್ಕ ಹಾಕಿದರೆ ಒಂದು ಸಾಮ್ರಾಜ್ಯದ ಖಾತೆಯ ಒಳಗೇ ಇಣುಕಿದ ಹಾಗೆ.

ಎರಡನೆಯದು, ಎಗೆಸ್ತಾ ಒಪ್ಪಂದದ ಶಾಸನ (ಐಜಿ 1ನೇ ಸಂಪುಟ, 3ನೇ ಆವೃತ್ತಿ, ಸಂಖ್ಯೆ 11). ನೋಡಲು ಸಪ್ಪೆ, ತುಂಬಾ ಸವೆದಿದೆ. ಆದರೆ ಕಾಲನಿರ್ಣಯದಲ್ಲಿ ಆಸಕ್ತಿ ಇರುವವರು ತಪ್ಪಿಸಬಾರದು. ಇದರಲ್ಲಿ 'ಸ'ಕಾರ ಮೂರು ಗೆರೆಯದು. ಮೂರು ಗೆರೆಯ 'ಸ'ಕಾರ ಕ್ರಿ.ಪೂ. 446ರ ಸುಮಾರಿಗೇ ನಿಂತುಹೋಯಿತು ಎಂದು ವಿದ್ವಾಂಸರು ನಂಬಿದ್ದರು, ಆ ನಂಬಿಕೆಯ ಮೇಲೆ ಬೇರೆ ಎಷ್ಟೋ ಶಾಸನಗಳ ಕಾಲವನ್ನೂ ಹೇಳಿದ್ದರು. ಹೆರಾಲ್ಡ್ ಮ್ಯಾಟಿಂಗ್ಲಿ ಇದನ್ನು ಒಪ್ಪಲಿಲ್ಲ. 1990ರಲ್ಲಿ ಮಾರ್ಟಿಮರ್ ಚೇಂಬರ್ಸ್ ಮತ್ತು ಸಂಗಡಿಗರು ಕಲ್ಲಿನ ಹಿಂಬದಿಯಿಂದ ಲೇಸರ್ ಬೆಳಕು ಹಾಯಿಸಿ ತೆಗೆದ ಚಿತ್ರಗಳ ಆಧಾರದಲ್ಲಿ, ಸವೆದ ಅಧಿಕಾರಿಯ ಹೆಸರು 'ಆಂಟಿಫೋನ್' ಎಂದು ಓದಿದರು. ಹಾಗಾದರೆ ವರ್ಷ ಕ್ರಿ.ಪೂ. 418/7. ವಾದ ಆಮೇಲೂ ನಡೆಯಿತು, ಈಗ ಹೆಚ್ಚಿನವರು ಈ ಓದನ್ನು ಒಪ್ಪುತ್ತಾರೆ. ಲಿಪಿಯ ಒಂದೇ ಲಕ್ಷಣ ಹಿಡಿದು ಶತಮಾನ ಹೇಳುವ ಅಭ್ಯಾಸ ನಮ್ಮಲ್ಲೂ ಇದೆ, ಅಂಥವರು ಈ ಕಲ್ಲಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು.

ಮೂರನೆಯದು ಅಗೋರಾದ ಗಡಿಕಲ್ಲು. ಸುಮಾರು ಕ್ರಿ.ಪೂ. 500ರದ್ದು, ನೆಟ್ಟ ಜಾಗದಲ್ಲೇ ಇದೆ. ತಾನು ಅಗೋರಾದ ಗಡಿ ಎಂದು ಕಲ್ಲೇ ಉತ್ತಮ ಪುರುಷದಲ್ಲಿ ಹೇಳಿಕೊಳ್ಳುತ್ತೆ. ಲಿಂಗಮುದ್ರೆ ಕಲ್ಲು, ವಾಮನಮುದ್ರೆ ಕಲ್ಲು ಹುಡುಕಿ ಹೊಲಗಳಲ್ಲಿ ಅಲೆದವರಿಗೆ ಇದು ಹತ್ತಿರದ ನೆಂಟನಂತೆ ಕಾಣಿಸಬಹುದು. ಅದೇ ಆವರಣದ ಸ್ಟೋವಾ ಆಫ್ ಅಟ್ಟಾಲೋಸ್ ಮ್ಯೂಸಿಯಮ್ಮಿನಲ್ಲಿ ಊರುಬಿಡಿಸುವ ಮತದಾನದ ಮಡಕೆ ಚೂರುಗಳಿವೆ. ಥೆಮಿಸ್ಟೊಕ್ಲೀಸ್ ಹೆಸರು ಗೀಚಿದ ಚೂರನ್ನು ಹುಡುಕಿ.

ಅಕ್ರೊಪೊಲಿಸ್ ನೋಡದೆ ಬರಲಾಗುವುದಿಲ್ಲ. ಅಲ್ಲಿ ಪ್ರವೇಶಕ್ಕೆ ಗಂಟೆ ನಿಗದಿ ಇರುತ್ತೆ, ಟಿಕೆಟ್ಟನ್ನು ಸಂಸ್ಕೃತಿ ಸಚಿವಾಲಯದ ಅಧಿಕೃತ ತಾಣದಲ್ಲಿ ಮೊದಲೇ ಕೊಳ್ಳಿ. ಬೆಳಗಿನ ಮೊದಲ ಸರದಿ ಒಳ್ಳೆಯದು.

ಡೆಲ್ಫಿ: ಒಂದು ರಾತ್ರಿ ಉಳಿಯಿರಿ

ಅಥೆನ್ಸ್‌ನಿಂದ ಸುಮಾರು 180 ಕಿ.ಮೀ., ಬಸ್ಸಿನಲ್ಲಿ ಮೂರು ಗಂಟೆ. ಬಹಳ ಜನ ಬೆಳಗ್ಗೆ ಹೊರಟು ಸಂಜೆಗೆ ವಾಪಸ್ಸಾಗುತ್ತಾರೆ. ಶಾಸನ ನೋಡುವವರು ಹಾಗೆ ಮಾಡಬಾರದು, ಕಾರಣ ಬೆಳಕು.

ಅಕ್ಷರದ ಆಳ ಒಂದೆರಡು ಮಿಲಿಮೀಟರ್ ಇರಬಹುದು. ಬೆಳಕು ಎದುರಿನಿಂದ ಬಿದ್ದರೆ ಆ ತೋಡಿನಲ್ಲಿ ನೆರಳು ಕೂರುವುದಿಲ್ಲ, ಕಲ್ಲು ಬೋಳಾಗಿ ಕಾಣುತ್ತೆ. ಗೋಡೆಯನ್ನು ಸವರಿಕೊಂಡು ಹೋಗುವ ಓರೆ ಬೆಳಕು ಬೇಕು. ಡೆಲ್ಫಿ ಇರುವುದು 38 ಡಿಗ್ರಿ ಅಕ್ಷಾಂಶದಲ್ಲಿ. ಅಕ್ಟೋಬರ್ ನಡುವಿನಲ್ಲಿ ನಡುಮಧ್ಯಾಹ್ನದ ಸೂರ್ಯ ಸುಮಾರು 44 ಡಿಗ್ರಿ ಎತ್ತರದಲ್ಲಿರುತ್ತಾನೆ. ದಕ್ಷಿಣಕ್ಕೆ ಮುಖ ಮಾಡಿದ ಗೋಡೆಗೆ ಅದು ಹೆಚ್ಚು ಕಡಿಮೆ ನೇರ ಬೆಳಕೇ. ಜೂನ್ ಕೊನೆಯಲ್ಲಾದರೆ 75 ಡಿಗ್ರಿ ಮೇಲಿರುತ್ತಾನೆ, ಆಗ ಮಧ್ಯಾಹ್ನದ ಬಿಸಿಲು ಮೇಲಿಂದ ಸವರಿಕೊಂಡು ಇಳಿಯುತ್ತೆ. ಅಂದರೆ ಅಕ್ಟೋಬರ್‌ನಲ್ಲಿ ಹೋದವರಿಗೆ ಬೆಳಗು ಅಥವಾ ಇಳಿಹೊತ್ತೇ ಗತಿ. ನಡುಮಧ್ಯಾಹ್ನ ಮ್ಯೂಸಿಯಂ ಒಳಗಿರಿ.

ಅಲ್ಲಿ ನೋಡಬೇಕಾದ್ದು ಅಪೊಲೊ ದೇವಾಲಯದ ಜಗಲಿಯನ್ನು ದಕ್ಷಿಣದಲ್ಲಿ ತಡೆದು ನಿಲ್ಲಿಸಿರುವ ಬಹುಕೋನ ಕಲ್ಲುಗಳ ಗೋಡೆ. ಇದು ನಮ್ಮ ನಾಲ್ಕನೇ ಕಲ್ಲು. ಗೋಡೆಯ ತುಂಬ ನೂರಾರು ಸಣ್ಣ ಶಾಸನಗಳು, ಬಹುಪಾಲು ಗುಲಾಮರ ಬಿಡುಗಡೆಯ ಪತ್ರಗಳು. ಒಡೆಯ ತನ್ನ ಗುಲಾಮನನ್ನು ಅಪೊಲೊ ದೇವರಿಗೆ ಮಾರಿದ ಹಾಗೆ ಬರೆಯುವುದು, ಆ ಮಾರಾಟವೇ ಬಿಡುಗಡೆ. ಗುಲಾಮನ ಹೆಸರು, ಬೆಲೆ, ಜಾಮೀನುದಾರ, ಸಾಕ್ಷಿಗಳು, ಎಲ್ಲ ಇವೆ. ಕೆಲವದರಲ್ಲಿ ಒಡೆಯ ಬದುಕಿರುವ ತನಕ ಅವನ ಬಳಿಯೇ ಸೇವೆ ಮಾಡಬೇಕು ಎಂಬ ಷರತ್ತೂ ಇದೆ. ಅನುವಾದವಾಗಿರುವ ಎರಡು ಪತ್ರಗಳನ್ನಾದರೂ ಓದಿಕೊಂಡು ಹೋದರೆ, ಎಲ್ಲರೂ ಬೆನ್ನು ಹಾಕಿ ಸೆಲ್ಫಿ ತೆಗೆಯುವ ಆ ಗೋಡೆ ಬೇರೆಯಾಗಿಯೇ ಕಾಣುತ್ತೆ. ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ ನೋಡಿ.

ಕ್ರೀಟ್: ಮೂರು ದಿನ

ಪಿರೇಯಸ್ ಬಂದರಿನಿಂದ ರಾತ್ರಿ ಹಡಗು ಹತ್ತಿದರೆ ಬೆಳಗ್ಗೆ ಹೆರಾಕ್ಲಿಯನ್. ಒಂದು ರಾತ್ರಿಯ ಹೋಟೆಲ್ ಖರ್ಚು ಉಳಿಯುತ್ತೆ. ಮೊದಲ ದಿನ ಅಲ್ಲಿನ ಪುರಾತತ್ವ ಮ್ಯೂಸಿಯಂ: ಇನ್ನೂ ಓದಲಾಗದ ಲೀನಿಯರ್ ಎ, 1908ರಲ್ಲಿ ಸಿಕ್ಕ ಫೈಸ್ಟೋಸ್ ತಟ್ಟೆ, ಮತ್ತು ಲೀನಿಯರ್ ಬಿ. ಲೀನಿಯರ್ ಬಿಯನ್ನು 1952ರಲ್ಲಿ ಬಿಡಿಸಿದ ಮೈಕೆಲ್ ವೆಂಟ್ರಿಸ್ ವೃತ್ತಿಯಲ್ಲಿ ವಾಸ್ತುಶಿಲ್ಪಿ. ನಮ್ಮ ಮಸ್ಕಿಯ ಅಶೋಕ ಶಾಸನವನ್ನು 1915ರಲ್ಲಿ ಕಂಡ ಬೀಡನ್ ಚಿನ್ನದ ಗಣಿಯ ಎಂಜಿನಿಯರ್. ಹವ್ಯಾಸಿಗಳಿಗೆ ಇಷ್ಟು ನೆನಪಿದ್ದರೆ ಸಾಕು.

ಎರಡನೇ ದಿನ ಗೋರ್ಟಿನ್, ಹೆರಾಕ್ಲಿಯನ್‌ನಿಂದ ಸುಮಾರು 45 ಕಿ.ಮೀ. ಮಿರೆಸ್ ಕಡೆ ಹೋಗುವ ಬಸ್ಸು ಆ ದಾರಿಯಲ್ಲೇ ಹೋಗುತ್ತೆ. ಐದನೇ ಕಲ್ಲು ಇಲ್ಲಿದೆ: ಕ್ರಿ.ಪೂ. 5ನೇ ಶತಮಾನದ ಕಾನೂನು ಸಂಹಿತೆ. 12 ಅಂಕಣ, 600ಕ್ಕೂ ಹೆಚ್ಚು ಸಾಲು, ಸುಮಾರು 9 ಮೀಟರ್ ಉದ್ದ. 1884ರಲ್ಲಿ ಫೆಡೆರಿಕೊ ಹಾಲ್ಬೆರ್ ಇದನ್ನು ಬೆಳಕಿಗೆ ತಂದಾಗ ಇದರ ಮೇಲೆ ಗಿರಣಿಯ ಕಾಲುವೆ ಹರಿಯುತ್ತಿತ್ತು. ವಿಷಯ ಮದುವೆ, ವಿಚ್ಛೇದನ, ದತ್ತು, ಹೆಣ್ಣುಮಕ್ಕಳ ಆಸ್ತಿ ಹಕ್ಕು. ಕಲ್ಯಾಣದಲ್ಲಿ ಕೂತು ವಿಜ್ಞಾನೇಶ್ವರ ಮಿತಾಕ್ಷರದಲ್ಲಿ ಚರ್ಚಿಸಿದ ದಾಯಭಾಗದ ಪ್ರಶ್ನೆಗಳು ಇಲ್ಲಿ ಊರಿನ ಗೋಡೆ ಮೇಲೆಯೇ ಇವೆ.

ಓದುವ ಕ್ರಮಕ್ಕೂ ತಯಾರಿ ಬೇಕು. ಮೊದಲ ಸಾಲು ಬಲದಿಂದ ಎಡಕ್ಕೆ, ಎರಡನೆಯದು ಎಡದಿಂದ ಬಲಕ್ಕೆ, ನೇಗಿಲು ಕಟ್ಟಿದ ಎತ್ತು ಹೊಲದ ಬದುವಿನಲ್ಲಿ ತಿರುಗುವ ಹಾಗೆ. ಗ್ರೀಕ್‌ನಲ್ಲಿ ಇದಕ್ಕಿರುವ ಹೆಸರಿನ ಅರ್ಥವೂ ಅದೇ. ಸಾಲು ತಿರುಗಿದಾಗ ಅಕ್ಷರಗಳೂ ಕನ್ನಡಿಯಲ್ಲಿ ಕಂಡಂತೆ ತಿರುಗುತ್ತವೆ. ಕರ್ನೂಲು ಸೀಮೆಯ ಎರ್ರಗುಡಿಯ ಅಶೋಕ ಶಾಸನದ ಕೆಲವು ಸಾಲುಗಳನ್ನು ನೋಡಿದವರಿಗೆ ಈ ಓಟ ಪರಿಚಿತ. ಶಾಸನ ಕಂಬಿಯ ಹಿಂದಿದೆ, ಹತ್ತಿರ ಹೋಗಲಾಗದು. ಸಣ್ಣ ಬೈನಾಕ್ಯುಲರ್ ಇಟ್ಟುಕೊಳ್ಳಿ.

ಮೂರನೇ ದಿನವನ್ನು ಖಾಲಿ ಬಿಡಿ. ಹಡಗು ತಡವಾಗಬಹುದು, ಮುಷ್ಕರ ಇರಬಹುದು. ಏನೂ ಆಗದಿದ್ದರೆ ಮನೆಯವರ ಜೊತೆ ಸಮುದ್ರ ನೋಡಿ.

ಮಾಡಬಾರದ್ದು

ಅಕ್ಷರಕ್ಕೆ ಸುಣ್ಣದ ಪುಡಿ, ಹಿಟ್ಟು ಸವರುವ ಚಾಳಿ ನಮ್ಮ ಕೆಲವರಿಗಿದೆ. ಅಲ್ಲಿ ಕಲ್ಲನ್ನು ಮುಟ್ಟುವಂತೆಯೇ ಇಲ್ಲ. ಪಡಿಯಚ್ಚು ತೆಗೆಯಲು, ಟ್ರೈಪಾಡ್ ಇಡಲು ಅನುಮತಿ ಬೇಕು. ಫ್ಲ್ಯಾಶ್ ಇಲ್ಲದ ಫೋಟೊಕ್ಕೆ ಸಾಮಾನ್ಯವಾಗಿ ಅಡ್ಡಿ ಇಲ್ಲ, ಟಾರ್ಚ್ ಹಚ್ಚುವ ಮೊದಲು ಕಾವಲಿನವರನ್ನು ಕೇಳಿ. ನೆಲದ ಮೇಲೆ ಬಿದ್ದ ಮಡಕೆ ಚೂರನ್ನು ಜೇಬಿಗೆ ಹಾಕಿಕೊಂಡರೂ ಅದು ಪುರಾತನ ವಸ್ತುಗಳ ಕಾನೂನಿನ ಪ್ರಕಾರ ಅಪರಾಧ.

ಊಟದ ಚಿಂತೆ ಇರುವ ಸಸ್ಯಾಹಾರಿಗಳು 'ನಿಸ್ತೀಸಿಮೊ' ಎಂಬ ಪದ ಕಲಿಯಿರಿ. ಅದು ಅವರ ಉಪವಾಸದ ಅಡುಗೆ. ಮಾಂಸ, ಹಾಲು, ಮೊಟ್ಟೆ ಇರುವುದಿಲ್ಲ. ಆದರೆ ಸಿಗಡಿಯಂಥದ್ದು ಇರಬಹುದು, ಕೇಳಿ ತಿನ್ನಿ. ದೊಡ್ಡ ಅವರೆಯಂಥ ಕಾಳಿನ 'ಗಿಗಾಂತೆಸ್' ಅನ್ನದ ಜೊತೆ ನಡೆಯುತ್ತೆ.

ಐದು ಕಲ್ಲು ಕಡಿಮೆಯಾಯಿತಲ್ಲ ಅನ್ನಿಸಬಹುದು. ಒಂದೊಂದಕ್ಕೂ ಎರಡು ಸಂಜೆಯ ಓದು ಅಂದರೂ ಹತ್ತು ಸಂಜೆ ಆಯಿತು. ವೀಸಾ ಬರುವುದನ್ನು ಕಾಯುವ ದಿನಗಳಲ್ಲೇ ಅದು ಮುಗಿಯುತ್ತೆ.