ಅಮ್ಮನ ಪತ್ರ ಜೈಲಿಗೆ ಹೋಗೋದೇ ಇಲ್ಲ!

ಜೈಲಲ್ಲಿರೋ ಮಗನಿಗೆ ಅಮ್ಮ ಪತ್ರ ಬರೆದರೆ,
ಅದು ಎಲ್ಲಿಗೆ ಹೋಗುತ್ತೆ ಹೇಳಿ?

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಜೈಲಿಗಂತೂ ಅಲ್ಲ.
ದೂರದ ಫ್ಲೋರಿಡಾಕ್ಕೆ.
ಅಲ್ಲಿನ ಒಂದು ಖಾಸಗಿ ಕಂಪನಿಗೆ!

2018ರ ಸೆಪ್ಟೆಂಬರಿನಲ್ಲಿ ಬಂದ ನಿಯಮ ಇದು.
ಕಾಗದಕ್ಕೆ ಡ್ರಗ್ಸ್ ಸವರಿ ಕಳಿಸ್ತಾರೆ ಅನ್ನೋದು ಸರ್ಕಾರ ಕೊಟ್ಟ ಕಾರಣ.

ಕಂಪನಿಯವರು ಲಕೋಟೆ ಒಡೆದು, ಪತ್ರ ಸ್ಕ್ಯಾನ್ ಮಾಡ್ತಾರೆ.
ಜೈಲಲ್ಲಿ ಪ್ರಿಂಟ್ ತೆಗೆದು ಕೈದಿಗೆ ಕೊಡ್ತಾರೆ.
ಅಸಲಿ ಪತ್ರ?
45 ದಿನ ಇಟ್ಟುಕೊಂಡು, ನಾಶ.

ಮಗಳು ಬಣ್ಣ ತುಂಬಿದ ಚಿತ್ರ,
ಅಜ್ಜಿ ಒತ್ತಿ ಒತ್ತಿ ಬರೆದ ಅಕ್ಷರ,
ಕೈಗೆ ಬರೋದು ಬರೀ ನಕಲು.
ಹಬ್ಬದೂಟದ ಫೋಟೊ ತೋರಿಸಿ, ಹೊಟ್ಟೆ ತುಂಬಿತಾ ಅಂತ ಕೇಳಿದ ಹಾಗೆ!

ವಕೀಲರ ಪತ್ರ ಮಾತ್ರ ನೇರ ಜೈಲಿಗೇ.
ಅದನ್ನೂ ಮೊದಲು ಜೆರಾಕ್ಸ್ ಮಾಡ್ತಿದ್ದರು.
ಕೈದಿಗಳ ಪರ ಸಂಘಟನೆಗಳು ಕೋರ್ಟಿಗೆ ಹೋದವು.
2019ರಲ್ಲಿ ಅದು ನಿಂತಿತು.

ಮನೆಯವರ ಪತ್ರಕ್ಕೆ ಆ ರಕ್ಷಣೆ ಸಿಗಲಿಲ್ಲ.