ಎರಡೂ ಕಿಡ್ನಿಗಳಲ್ಲಿ

ಉದಕಮಂಡಲದ ಚಳಿಯಲ್ಲಿ ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಎದ್ದರೆ, ಚಳಿಗೆ ಹಾಗೇ ಅಂದುಕೊಂಡು ಮತ್ತೆ ಕಂಬಳಿ ಹೊದೆಯುವವರೇ ಹೆಚ್ಚು. ಉರಿ ಶುರುವಾದ ಮೇಲೆ ಮಾತ್ರೆ, ಆಮೇಲೆ ಪರೀಕ್ಷೆ. ಮೂತ್ರದಲ್ಲಿ ಕೀವು ಕಾಣುತ್ತದೆ; ಕಲ್ಚರ್‌ಗೆ ಇಟ್ಟರೆ ಎರಡು ದಿನವಾದರೂ ಏನೂ ಬೆಳೆಯುವುದಿಲ್ಲ. ಕೀವಿದೆ, ಕ್ರಿಮಿಯಿಲ್ಲ!

ಈ ಒಗಟಿನ ಒಂದು ಎಳೆ ಬರ್ಲಿನ್‌ನಲ್ಲಿದೆ. 1882ರ ಮಾರ್ಚ್ 24ರಂದು ಕ್ಷಯದ ಕ್ರಿಮಿಯನ್ನು ತೋರಿಸಿದ ರಾಬರ್ಟ್ ಕಾಖ್ ಅದನ್ನು ಬೆಳೆಸಿದ್ದು ತಾಳ್ಮೆಯಿಂದ. ಬೇರೆ ಕ್ರಿಮಿಗಳು ಒಂದೆರಡು ದಿನದಲ್ಲಿ ಕಾಣಿಸಿಕೊಂಡರೆ, ಇದು ಕಣ್ಣಿಗೆ ಬೀಳಲು ಎರಡನೇ ವಾರ ಬರಬೇಕಿತ್ತು. ಎರಡು ದಿನದ ಕಲ್ಚರ್‌ಗೆ ಇದು ಸಿಗುವುದಿಲ್ಲ.

ಕಿಡ್ನಿಗೂ ಕ್ಷಯ ತಗಲುತ್ತದೆಂದು ಗೊತ್ತಿತ್ತು. ಆದರೆ ಅದು ಒಂದೇ ಪಕ್ಕದ ರೋಗವೆಂದು ನಂಬಿ ಶಸ್ತ್ರವೈದ್ಯರು ಕೆಟ್ಟ ಕಿಡ್ನಿಯನ್ನು ಕತ್ತರಿಸಿ ತೆಗೆಯುತ್ತಿದ್ದರು. ಅಮೆರಿಕದ ರೋಗಶಾಸ್ತ್ರಜ್ಞ ಎಡ್ಗರ್ ಮೆಡ್ಲರ್ ನೋಡಿದ್ದು ಯಾರೂ ನೋಡದ ಕಡೆ. ಶ್ವಾಸಕೋಶದ ಕ್ಷಯದಿಂದ ತೀರಿಕೊಂಡ, ಬದುಕಿದ್ದಾಗ ಕಿಡ್ನಿಯ ತೊಂದರೆಯನ್ನೇ ತೋರದ 30 ಜನರ ಕಿಡ್ನಿಗಳನ್ನು ಕಾಗದಕ್ಕಿಂತ ತೆಳ್ಳಗೆ ಸೀಳಿ, ಲಕ್ಷದಷ್ಟು ಸೀಳುಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟರು. ಅಲ್ಲಿದ್ದವು ಪುಟ್ಟ ಪುಟ್ಟ ಗಾಯಗಳು, ಹೆಚ್ಚಾಗಿ ಎರಡೂ ಕಿಡ್ನಿಗಳ ಹೊರಪದರದಲ್ಲಿ. ಕೆಲವು ತಾವಾಗಿಯೇ ಮಾಗಿದ್ದವು. 1926ರಲ್ಲಿ ಅದನ್ನು ಪ್ರಕಟಿಸಿದರು. ಆ ಲಕ್ಷ ಸೀಳುಗಳ ಹಿಂದಿನ ದಿನಗಳನ್ನು ನೆನೆದಾಗ ನನಗೆ ಕೈಮುಗಿಯಬೇಕೆನಿಸುತ್ತದೆ.

ರಕ್ತದ ಜೊತೆ ಬಂದ ಕ್ರಿಮಿ ಎರಡೂ ಕಡೆ ಇಳಿಯುತ್ತದೆ, ವರ್ಷಗಟ್ಟಲೆ ಸುಮ್ಮನಿರುತ್ತದೆ. ಕೆಮ್ಮು ಮರೆತುಹೋದ ಎಷ್ಟೋ ಕಾಲದ ಮೇಲೆ ಒಂದು ಗಾಯ ಒಡೆದು ಒಳಭಾಗಕ್ಕೆ ಹರಡುತ್ತದೆ. ಮೂತ್ರನಾಳ ಕಲೆಗಟ್ಟಿ ಕಿರಿದಾಗುತ್ತದೆ, ಮೂತ್ರ ಹಿಂದಕ್ಕೆ ತುಂಬಿಕೊಳ್ಳುತ್ತದೆ, ಕಿಡ್ನಿ ಸದ್ದಿಲ್ಲದೆ ಸುಣ್ಣಗಟ್ಟುತ್ತದೆ. ಔಷಧಿಯಿಂದ ಕ್ರಿಮಿ ಸತ್ತರೂ ನಾಳ ಬಿಗಿಯುತ್ತಾ ಹೋಗಬಹುದು. ಅದಕ್ಕೇ ಚಿಕಿತ್ಸೆಯ ನಡುವೆಯೂ ಸ್ಕ್ಯಾನ್ ಬೇಕು.

ನಮ್ಮ ನೀಲಗಿರಿಯ ಗೂಡಲೂರಿನಲ್ಲಿ 1990ರಿಂದ ಅಶ್ವಿನಿ ಸಂಸ್ಥೆಯ ಆದಿವಾಸಿ ಕಾರ್ಯಕರ್ತೆಯರು ಪಣಿಯರ, ಕಾಟುನಾಯಕರ, ಬೆಟ್ಟಕುರುಂಬರ ಹಾಡಿಗಳಲ್ಲಿ ಆರೋಗ್ಯ ವಿಚಾರಿಸುತ್ತಾ ಬಂದಿದ್ದಾರೆ. ಮಸಿನಗುಡಿಯಾಗಲಿ, ಕುನ್ನೂರಾಗಲಿ, ಕೆಮ್ಮು ಕೇಳುವ ಬಾಗಿಲಲ್ಲೇ ಮೂತ್ರದ ಉರಿಯನ್ನೂ ಕೇಳಬೇಕು, ಹಿಂದೆಂದಾದರೂ ಟಿಬಿ ಬಂದಿತ್ತೇ ಎಂದೂ ಕೇಳಬೇಕು ಎಂಬುದು ನನ್ನ ಆಸೆ. ಮೂತ್ರದಲ್ಲಿ ಕ್ಷಯದ ಗುರುತನ್ನು ಸುಮಾರು ಎರಡು ಗಂಟೆಯಲ್ಲಿ ಹಿಡಿಯುವ ಯಂತ್ರ ಈಗಿದೆ. ಆದರೆ ಚೀಟಿಯಲ್ಲಿ ಟಿಬಿ ಎಂದು ಬರೆಯದಿದ್ದರೆ ಆ ಪರೀಕ್ಷೆ ನಡೆಯುವುದಿಲ್ಲ. ರೋಗಿ ಕೊಡಬೇಕಾದ್ದು ಇಷ್ಟೇ: ಮೂರು ದಿನ, ಮೂರು ಮುಂಜಾನೆ, ಎದ್ದ ಕೂಡಲೇ ಮೊದಲ ಮೂತ್ರ, ಒಂದೊಂದು ಬಾಟಲಿ.